ಕೌದಿ ಹಾಸಿದ ಕುರ್ಚಿ

ಗೌಲ್‌ಬರ್ನ್ ದಾಟಿದ ಮೇಲೆ ತೊಡೆಯ ಮೇಲಿದ್ದ ಚೀಲ ಸ್ವಲ್ಪ ಭಾರವಾದಂತೆ ಸಂಧ್ಯಾರಾಣಿಗೆ ಅನ್ನಿಸಿತು. ಸ್ವಲ್ಪವೇ. ಒಂದು ಗುಬ್ಬಿ ಬಂದು ಕೂತಷ್ಟು. ಚೀಲದ ಜಿಪ್ಪನ್ನು ಸಿಡ್ನಿಯ ಗಿರಾವೀನ್‌ನಲ್ಲಿ ಕಾರು ಹತ್ತುವಾಗಲೇ ಎಳೆದಿದ್ದಳು, ಎಳೆದದ್ದನ್ನು ಎರಡು ಸಲ ನೋಡಿದ್ದಳು, ಮೂರನೆಯ ಸಲ ಬೆರಳಿನಿಂದ ಮುಟ್ಟಿ ನೋಡಿದ್ದಳು. ಅಷ್ಟಾದರೂ ಈಗ ತೆರೆಯುವ ಧೈರ್ಯವಿಲ್ಲ. ಮುಂದಿನ ಸೀಟಿನಲ್ಲಿ ಅಡಿವೆಪ್ಪ ಅಂಕಲ್ ಸ್ಟೀರಿಂಗ್ ಹಿಡಿದು ನಾಳೆಯ ಪ್ರಸಂಗವನ್ನು ರಸ್ತೆಗೆ ಒಪ್ಪಿಸುತ್ತಿದ್ದರು. ವಾರದ ಐದು ದಿನ ಮ್ಯಾಕ್ವೆರಿ ಪಾರ್ಕಿನ ಔಷಧ ಕಂಪನಿಯೊಂದರಲ್ಲಿ ಸರ್ವರ್ ನೋಡಿಕೊಳ್ಳುವ ಮನುಷ್ಯ, ಆರನೆಯ ದಿನ ಕನ್ನಡ ಪ್ರಾರ್ಥನಾ ಕೂಟದ ಬೋಧಕ. ಪಕ್ಕದಲ್ಲಿ ಅವರ ಹೆಂಡತಿ ಬಸಕ್ಕ ಆಂಟಿ. ಅಕ್ಕನೂ ಹೌದು, ಆಂಟಿಯೂ ಹೌದು, ಕೂಟದ ಮಕ್ಕಳೆಲ್ಲ ಹಾಗೇ ಕರೆಯುವುದು. ಮಡಿಲಲ್ಲಿ ಮಡಚಿದ ಕೌದಿ ಇಟ್ಟುಕೊಂಡು ತೂಕಡಿಸುತ್ತಿದ್ದರು.

"ಅಕ್ಕಿ ಡಬ್ಬಿಯೊಳಗ ಇಲಿ ಹೊಕ್ಕಿತು ಅಂತ ತಿಳಕೊಳ್ರಿ," ಅಂಕಲ್ ಗಾಜಿಗೆ ಹೇಳಿದರು. "ನಾವೇನ್ ಮಾಡ್ತೀವಿ? ಗಬಕ್ಕನ ಮುಚ್ಚಳ ಹಾಕ್ತೀವಿ. ಹಾಕಿ, ಅಬ್ಬಾ, ಇಲಿ ಕಾಣವಲ್ದು ಅಂತೀವಿ. ಇಲಿ ಹೋತೇನು? ಒಳಗ ಕುಂತು ಅಕ್ಕಿ ತಿನ್ನಾಕತ್ತೈತಿ. ಪಾಪ ಗೆಲ್ಲೂದು ಅಂದ್ರ ಮುಚ್ಚಳ ಹಾಕೂದಲ್ಲ, ತೆಗಿಯೂದು. ದೇವರ ಮಾತು ಕೇಳಿ ನಡಿಯೂದು ಅಂದ್ರ ಇಷ್ಟ. ಹೆಂಗೈತಿ ಸಂಧ್ಯಾ?"

"ಛಲೋ ಐತ್ರಿ ಅಂಕಲ್."

"ಇಲಿ ಬ್ಯಾಡ್ರಿ," ಬಸಕ್ಕ ಆಂಟಿ ಕಣ್ಣು ಮುಚ್ಚಿಕೊಂಡೇ ಹೇಳಿದರು. "ಊಟಕ್ಕ ಮೊದಲ ಇಲಿ ಇಲಿ ಅಂದ್ರ ಪಲಾವ್ ಯಾರ ತಿಂತಾರ?"

"ಮತ್ತ ಪಾಪಕ್ಕ ಏನ್ ಜಿರಾಫಿ ತರ್ಲೇನ?"

ಸಂಧ್ಯಾರಾಣಿ ನಕ್ಕಳು. ನಗು ಅವಳಿಗೆ ಯಾವಾಗಲೂ ಸುಲಭ. ಅಳು ಕೂಡ ಸುಲಭವಾಗೇ ಬಂದಿತ್ತು, ಮೂರು ವಾರದ ಹಿಂದೆ, ಗಿರಾವೀನ್‌ನ ಗ್ಯಾರೇಜಿನಲ್ಲಿ, ನಲವತ್ತು ಜನರ ಮುಂದೆ. ಅವತ್ತು ಅವಳು ಸಾಕ್ಷಿ ಹೇಳಿದ್ದಳು. ತಾನು ಯಾವ ಪಾಪದಲ್ಲಿದ್ದೆ, ದೇವರು ಅದರಿಂದ ಹೇಗೆ ಬಿಡಿಸಿದ ಎಂದು ಎದ್ದು ನಿಂತು ಹೇಳುವುದು. ಅದೇ ಸಾಕ್ಷಿಯನ್ನು ನಾಳೆ ದೂರದ ಕ್ರೇಗಿಬರ್ನ್ ಊರಿನ ದೊಡ್ಡ ಕೂಟದಲ್ಲಿ ಮತ್ತೆ ಹೇಳಲು ಕರೆದೊಯ್ಯುತ್ತಿದ್ದರು, ಒಳ್ಳೆಯ ಹಾಡುಗಾರ್ತಿಯನ್ನು ಊರಿಂದೂರಿಗೆ ಕರೆದೊಯ್ಯುವ ಹಾಗೆ.

ಗಂಡಗಾಯ್‌ನಲ್ಲಿ ಕಾಫಿಗೆ ನಿಂತಾಗ ಅವಳು ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿ ಚೀಲ ತೆರೆದಳು. ಫೋನಿನ ಚಾರ್ಜರ್, ನೀರಿನ ಬಾಟಲಿ, ಸ್ವೆಟರ್. ಸ್ವೆಟರಿನ ಕೆಳಗೆ ಒಂದು ಏಲಕ್ಕಿ ಪ್ಯಾಕೆಟ್. ಹಸಿರು ಕಾಯಿಗಳು, ಪಾರದರ್ಶಕ ಪ್ಲಾಸ್ಟಿಕ್, ಮೂಲೆಯಲ್ಲಿ ಬಿಳಿಯ ಬೆಲೆಚೀಟಿ. ಹೊರಗೆ ಯಾವುದೋ ಮಗು ಇಂಗ್ಲಿಷಿನಲ್ಲಿ ಅಮ್ಮನನ್ನು ಅವಸರಪಡಿಸುತ್ತಿತ್ತು, ಕೈ ಒಣಗಿಸುವ ಯಂತ್ರ ಯಾರೂ ಕೈಯಿಡದೆ ಒಮ್ಮೆ ಊದಿ ಸುಮ್ಮನಾಯಿತು. ಲಿಪ್ ಬಾಮ್ ಆಯಿತು, ಬಾಚಣಿಗೆ ಆಯಿತು, ಏಲಕ್ಕಿಯೂ ಆಯಿತು. ಸಾಕ್ಷಿಯಲ್ಲಿ ಅವಳು ಹೇಳಿದ ಕ್ರಮದಲ್ಲೇ. ಒಂದೂ ತಪ್ಪದೆ.

ಆದರೆ ಅವಳು ಇವುಗಳಲ್ಲಿ ಯಾವುದನ್ನೂ ಕದ್ದವಳಲ್ಲ. ಅಂಗಡಿಯಿಂದಂತೂ ಅಲ್ಲ. ಅವತ್ತು ಗ್ಯಾರೇಜಿನಲ್ಲಿ ಎದ್ದು ನಿಂತಾಗ ನಿಜವನ್ನೇ ಹೇಳಬೇಕೆಂದು ಎದ್ದಿದ್ದಳು. ಬಸಕ್ಕ ಆಂಟಿಯ ಕೂಟದಲ್ಲಿ ಒಂದು ಪದ್ಧತಿ ಇದೆ. ಬೆಟಗೇರಿಯಲ್ಲಿ ಅವರ ಅವ್ವ ಪ್ರಾರ್ಥನೆಗೆ ಕೂಡುವಾಗ ಒಂದು ಮಣೆ ಖಾಲಿ ಬಿಡುತ್ತಿದ್ದಳಂತೆ, ಕರ್ತನಾದ ದೇವರು ಬಂದರೆ ಕೂಡಲಿಕ್ಕೆ. ಸಿಡ್ನಿಯಲ್ಲಿ ಮಣೆ ಎಲ್ಲಿಂದ ಬರಬೇಕು? ಮಡಚುವ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಮುಂದಿನ ಸಾಲಿನ ನಡುವೆ ಇಟ್ಟು, ಆ ಅವ್ವನೇ ಹಳೆಯ ಇಳಕಲ್ ಸೀರೆಗಳಿಂದ ಹೊಲಿದ ಕೌದಿಯನ್ನು ಅದರ ಮೇಲೆ ಹಾಸುತ್ತಾರೆ. ಅಲ್ಲಿ ಯಾರೂ ಕೂಡುವ ಹಾಗಿಲ್ಲ. ಸಾಕ್ಷಿ ಹೇಳುವವರು ಮಂದಿಯ ಮುಖ ನೋಡುವ ಹಾಗಿಲ್ಲ, ಆ ಕುರ್ಚಿಯನ್ನೇ ನೋಡಿ ಹೇಳಬೇಕು. "ಮಂದಿನ್ನ ನೋಡಿದ್ರ ಬಣ್ಣ ಹಚ್ಚಿ ಹೇಳ್ತೀವವಾ," ಎಂದು ಆಂಟಿ ಹೇಳುತ್ತಿದ್ದರು. "ಅಂವನ್ನ ನೋಡಿದ್ರ ಇದ್ದದ್ದ ಹೊರಗ ಬರ್ತೈತಿ." ಸಂಧ್ಯಾರಾಣಿ ಕೌದಿಯನ್ನು ನೋಡುತ್ತಲೇ ಶುರು ಮಾಡಿದಳು. "ನಾ ಕಳ್ಳಿ ಇದ್ದೀನಿ," ಅಂದಳು. ಅದು ನಿಜ. ಹಿಂದಿನಿಂದ ಅಂಕಲ್ ದೇವರನ್ನು ಕೊಂಡಾಡಿ "ಸ್ತೋತ್ರ" ಅಂದರು. ಮುಂದಿನ ಮಾತು ಗಂಟಲಿಗೆ ಬಂದಿತ್ತು, ನಾಲಿಗೆಯ ಬುಡದಲ್ಲಿತ್ತು. ಆಗ ಅವಳು ಒಂದು ಕ್ಷಣ, ಒಂದೇ ಕ್ಷಣ, ಕಣ್ಣೆತ್ತಿ ಮಂದಿಯನ್ನು ನೋಡಿಬಿಟ್ಟಳು. ಇಸ್ತ್ರಿ ಮಾಡಿದ ಅಂಗಿಗಳು, ಮಲ್ಲಿಗೆಯ ಬದಲು ಮುಡಿದ ಪ್ಲಾಸ್ಟಿಕ್ ಹೂಗಳು, ಎಷ್ಟೊಂದು ಪ್ರೀತಿ ಆ ಕಣ್ಣುಗಳಲ್ಲಿ. ಬಾಯಿ ತಾನಾಗಿ ಬೇರೆ ದಾರಿ ಹಿಡಿಯಿತು. "ಅಂಗಡಿಯೊಳಗ ಸಣ್ಣ ಸಣ್ಣ ಸಾಮಾನ ಕದೀತಿದ್ದೆ. ಲಿಪ್ ಬಾಮ್. ಬಾಚಣಿಗಿ. ಏಲಕ್ಕಿ ಪ್ಯಾಕೆಟ್." ಮೂರು ಹೇಳಿದ ಮೇಲೆ ಸಾಲದು ಅನ್ನಿಸಿತು. "ಇನ್ನೊಂದೈತಿ. ಅದನ್ನ ಇಲ್ಲಿ ಹೇಳಾಕ ಆಗೂದಿಲ್ಲ." ಅಷ್ಟಕ್ಕೇ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಕರ್ತನು ಬಿಡಿಸಿದ ಎಂದು ಮುಗಿಸಿದಾಗ ಅವಳೂ ಅತ್ತಳು, ಸುಳ್ಳಿನ ಅಳುವಲ್ಲ, ನಿಜವಾದದ್ದೇ ಹೊರಗೆ ಬಂತು. ಅದೇ ಅವಳಿಗೆ ಈಗಲೂ ಭಯ. ಎಲ್ಲ ಮುಗಿದು ಕುರ್ಚಿಗಳನ್ನು ಗೋಡೆಗೆ ಒಟ್ಟುವಾಗ ಕೌದಿ ತೆಗೆಯಲು ಹೋದಳು. ಕೌದಿಯ ನಡುಭಾಗ ತಗ್ಗಾಗಿತ್ತು. ಮುಟ್ಟಿದಳು. ಬೆಚ್ಚಗಿತ್ತು.

ಮಾರನೆಯ ದಿನ ಜಾಕೆಟ್ಟಿನ ಜೇಬಿನಲ್ಲಿ ಲಿಪ್ ಬಾಮ್ ಸಿಕ್ಕಿತು. ಯಾರದೋ ಇರಬೇಕೆಂದು ಸ್ಟೇಷನ್ನಿನ ಕಸದ ಬುಟ್ಟಿಗೆ ಹಾಕಿದಳು. ವಾರ ಕಳೆದು ಚೀಲದಲ್ಲಿ ಹಸಿರು ಬಾಚಣಿಗೆ. ಈ ಸಲ ಬುಟ್ಟಿಗೆ ಹಾಕಲಿಲ್ಲ. ಬೆಲೆಚೀಟಿ ಇತ್ತಲ್ಲ, ಬೀದಿ ಕೊನೆಯ ಅಂಗಡಿಗೆ ತೆಗೆದುಕೊಂಡು ಹೋಗಿ ಕೌಂಟರಿನ ಮೇಲಿಟ್ಟು, ಇದನ್ನು ನಾನು ಕದ್ದಿದ್ದೇನೆ ಎಂದು ಹಿಂದಿಯಲ್ಲಿ ಹೇಳಿದಳು. ಅಂಗಡಿಯ ಪಂಜಾಬಿ ಆಂಟಿ ಬಾಚಣಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಇದು ನಮ್ಮ ಅಂಗಡಿಯದಲ್ಲ ಬೇಟಾ, ಇಂಥದ್ದನ್ನು ನಾವು ಇಡುವುದೇ ಇಲ್ಲ ಅಂದರು. ಕದ್ದಿದ್ದೇನೆ ಎಂದು ಅವಳು ಮತ್ತೆ ಒತ್ತಿ ಹೇಳಿದಳು. ಹಿಂದೆ ಹಾಲು ಹಿಡಿದು ನಿಂತಿದ್ದವರು ಕಿಸಕ್ಕನೆ ನಕ್ಕರು. ಆಂಟಿಯೂ ನಕ್ಕು, "ಕಳ್ಳರು ಹೀಗಿರಲ್ಲ ಬೇಟಾ, ಮನೆಗೆ ಹೋಗಿ ಮಲಗು," ಎಂದು ಗಲ್ಲ ತಟ್ಟಿ ಕಳಿಸಿದರು. ಕಳ್ಳತನ ಒಪ್ಪಿಕೊಂಡರೂ ಯಾರೂ ಒಪ್ಪದಂಥ ಮುಖ ತನ್ನದು. ಆ ಮುಖದಿಂದಲೇ ಅಲ್ಲವೇ ಮೊದಲನೆಯ ಸಲವೂ ಪಾರಾದದ್ದು.

ಮಾಧುರಿಗೆ ಅಂಥ ಮುಖವಿರಲಿಲ್ಲ. ಮೈಸೂರಿನ ಹುಡುಗಿ, ಗಿರಾವೀನ್‌ನಲ್ಲಿ ಒಂದೇ ರೂಮಿನಲ್ಲಿ ಇಬ್ಬರೂ ಒಂದೂವರೆ ವರ್ಷ ಇದ್ದರು, ಒಂದೇ ಕೋರ್ಸು. ಸಿಟ್ಟು ಬಂದರೆ ಕೆಂಪಾಗುತ್ತಿದ್ದಳು, ಅಂಜಿದರೆ ತೊದಲುತ್ತಿದ್ದಳು, ಎಲ್ಲವೂ ಹೊರಗೇ. ಅವಳ ಲ್ಯಾಪ್‌ಟಾಪ್ ಕೆಟ್ಟಿದ್ದರಿಂದ ಸೆಮಿಸ್ಟರಿನ ದೊಡ್ಡ ಅಸೈನ್‌ಮೆಂಟನ್ನು ಸಂಧ್ಯಾರಾಣಿಯ ಲ್ಯಾಪ್‌ಟಾಪಿನಲ್ಲೇ ಬರೆದಳು, ಆರು ದಿನ ಕೂತು. ಸಂಧ್ಯಾರಾಣಿ ಏನೂ ಬರೆದಿರಲಿಲ್ಲ. ಇವತ್ತು ನಾಳೆ ಎನ್ನುತ್ತ, ರೀಲ್ಸ್ ನೋಡುತ್ತ, ನಗುತ್ತ ಕೊನೆಯ ಮಧ್ಯಾಹ್ನ ಬಂದಿತ್ತು. ಮಾಧುರಿ ಕೆಫೆಯ ಶಿಫ್ಟಿಗೆ ಹೋದಾಗ ಇವಳು ಆ ಫೈಲನ್ನು ತೆರೆದಳು. ಹೆಸರು ಬದಲಿಸಿದಳು. ಮಾಧುರಿಗಿಂತ ಎರಡು ಗಂಟೆ ಮೊದಲು ಸಲ್ಲಿಸಿದಳು. ನಾಲ್ಕು ದಿನಕ್ಕೆ ಇಬ್ಬರಿಗೂ ಕರೆ ಬಂತು, ಎರಡೂ ಒಂದೇ ಬರಹ ಎಂದು. ವಿಚಾರಣೆಯಲ್ಲಿ ಸಂಧ್ಯಾರಾಣಿ ಹೇಳಿದ್ದು ಒಂದೇ ವಾಕ್ಯ: ಅವಳು ನನ್ನ ಲ್ಯಾಪ್‌ಟಾಪ್ ಬಳಸುತ್ತಿದ್ದಳು. ಅದೂ ನಿಜವೇ. ಸುಳ್ಳು ಹೇಳಲು ಅವಳಿಗೆ ನಿಜವೇ ಸಾಕಾಗುತ್ತಿತ್ತು. ಸ್ಕ್ರೀನಿನ ಆ ಕಡೆಯವರು ಇವಳ ಶಾಂತ ಮುಖ ನೋಡಿದರು, ಆಮೇಲೆ ಮಾಧುರಿಯ ತೊದಲು ಕೇಳಿದರು. ಮಾಧುರಿಯನ್ನು ಹೊರಗೆ ಹಾಕಿದರು. ವೀಸಾ ಒಂದು ನೂಲಿನ ಮೇಲೆ ನಿಂತಿತು. ಕ್ರೇಗಿಬರ್ನ್‌ನ ಚಿಕ್ಕಮ್ಮನ ಮನೆಗೆ ಹೋದಳು. ಅವಳು ಅಳುತ್ತ ಬಟ್ಟೆ ತುಂಬುವಾಗ ಸಂಧ್ಯಾರಾಣಿ ನೂಡಲ್ಸ್ ಮಾಡಿಕೊಟ್ಟಳು. "ನೀನೊಬ್ಳು ಇದ್ದೀಯಲ್ಲೇ," ಎಂದು ಮಾಧುರಿ ತಿಂದಳು. ಒಂದೇ ಲ್ಯಾಪ್‌ಟಾಪಿನಿಂದ ಹೋದದ್ದಕ್ಕೆ ಯೂನಿವರ್ಸಿಟಿಯ ಕಂಪ್ಯೂಟರ್ ತನ್ನ ಬರಹವನ್ನೇ ಇಬ್ಬರ ಹೆಸರಿಗೂ ಹಾಕಿ ಏನೋ ತಪ್ಪು ಮಾಡಿದೆ ಎಂದೇ ಅವಳು ಈಗಲೂ ನಂಬಿದ್ದಳು.

ಕಾರು ಆಲ್ಬರಿ ಸೇತುವೆಯ ಮೇಲಿದ್ದಾಗ ಫೋನ್ ನಡುಗಿತು. ಮಾಧುರಿಯ ಮೆಸೇಜು, ಎಂದಿನಂತೆ ಇವಳನ್ನು ಊರ ಹೆಸರಿನಿಂದ ಕರೆದು. "ಏ ಹುಬ್ಳಿ! ನಾಳೆ ನಮ್ಮೂರಿಗೆ ಬರ್ತಿದ್ದೀಯಂತೆ? ಪಕ್ಕದ್ಮನೆ ಆಂಟಿ ಹೇಳಿದ್ರು. ಹಾಲ್ ನಮ್ಮನೆಯಿಂದ ಎರಡೇ ಸ್ಟಾಪ್ ಕಣೇ. ಊಟ ಇರುತ್ತಾ? ಬರ್ಲಾ? ನಮ್ಮ ಚಾಮುಂಡಿ ಏನೂ ಬೈಯಲ್ಲ." ಅದರ ಕೆಳಗೆ ಇನ್ನೊಂದು. "ಸೋಮವಾರ ಅಪೀಲ್‌ಗೆ ಲಾಸ್ಟ್ ಡೇಟು. ಅದಾದ್ಮೇಲೆ ಊರಿಗೆ ಟಿಕೆಟ್ಟೇ. ಏನ್ ಬರೀಬೇಕೋ ಗೊತ್ತಾಗ್ತಿಲ್ಲ, ನಿನ್ನ ಕೇಳಿ ಬರೀತೀನಿ." ಸಂಧ್ಯಾರಾಣಿ ಓದಿದಳು, ಓದಿದ ನೀಲಿ ಗುರುತು ಆ ಕಡೆ ಹೋಗಿರುತ್ತದೆ ಎಂದು ಗೊತ್ತಿದ್ದೂ ಉತ್ತರ ಬರೆಯಲಿಲ್ಲ. ಬರೆದರೆ ಏನೆಂದು? ಬರಬೇಡ ಎಂದೇ? ನಿಜ ಹೇಳಿದರೆ ಟಿಕೆಟ್ಟು ತನಗೆ, ಹೇಳದಿದ್ದರೆ ಅವಳಿಗೆ. ಮತ್ತು ನಾಳೆ ಕುರ್ಚಿಯ ಮುಂದೆ ನಿಂತು ಪಾಪ ಗೆದ್ದ ಕಥೆ ಹೇಳಬೇಕು. ಇನ್ನೊಂದೈತಿ, ಅದನ್ನ ಇಲ್ಲಿ ಹೇಳಾಕ ಆಗೂದಿಲ್ಲ. ಮೂರು ಬಂದಾಯಿತು. ನಾಲ್ಕನೆಯದಕ್ಕೆ ಅವಳು ಹೆಸರನ್ನೇ ಕೊಟ್ಟಿಲ್ಲ. ಹೆಸರಿಲ್ಲದ್ದು ಯಾವ ಆಕಾರದಲ್ಲಿ ಬಂದು ಚೀಲದಲ್ಲಿ ಕೂಡುತ್ತದೆ?

"ಯಾಕವಾ, ಮಾರಿ ಸಣ್ಣದಾಗೈತಿ?" ಬಸಕ್ಕ ಆಂಟಿ ತಿರುಗಿ ನೋಡಿದರು. "ಕಾರು ಹತ್ತಿದ್ರ ಹೊಟ್ಟಿ ತೊಳಸ್ತೈತೇನು? ಏಲಕ್ಕಿ ಇದ್ರ ಬಾಯಾಗ ಹಾಕ್ಕೊ."

"ಇಲ್ರೀ," ಅಂದಳು ಅವಳು. ಚೀಲವನ್ನು ಎರಡೂ ಕೈಯಿಂದ ಅಪ್ಪಿಕೊಂಡಳು.

ಶನಿವಾರ ಬೆಳಿಗ್ಗೆ, ಉಳಿದುಕೊಂಡಿದ್ದ ಮನೆಯಲ್ಲಿ, ಚೀಲವನ್ನು ಹಾಸಿಗೆಯ ಮೇಲೆ ಸುರಿದು ಪೂರಾ ಖಾಲಿ ಮಾಡಿದಳು. ಒಳಗಿನ ಬಟ್ಟೆಯನ್ನು ಹೊರಗೆಳೆದು ಕೊಡವಿದಳು. ಫೋನೊಂದನ್ನೇ ಹಾಕಿಕೊಂಡು ಹೊರಟಳು. ಕ್ರೇಗಿಬರ್ನ್‌ನ ಆ ಬಾಡಿಗೆ ಹಾಲಿನ ನೆಲದ ಮೇಲೆ ಬಾಸ್ಕೆಟ್‌ಬಾಲಿನ ಗೆರೆಗಳಿದ್ದವು. ಹೊರಗೆ ಒಳನಾಡಿನ ಬಿಸಿ ಹೊತ್ತ ಬಡಗಣ ಗಾಳಿ, ತಗಡಿನ ಮಾಡು ಉಸಿರು ಎಳೆದುಕೊಂಡಂತೆ ಮೇಲೆದ್ದು ಕೆಳಗೆ ಕೂಡುತ್ತಿತ್ತು. ನೂರಿಪ್ಪತ್ತು ಜನ ಬಂದಿದ್ದರು. ಧಾರವಾಡದವರು, ಬೆಳಗಾವಿಯವರು, ಬೆಂಗಳೂರಿನವರು. ಎಲ್ಲ ಕುರ್ಚಿಗಳೂ ತುಂಬಿ ಹುಡುಗರು ಗೋಡೆಗೆ ಒರಗಿ ನಿಂತಿದ್ದರು. ಮುಂದಿನ ಸಾಲಿನ ನಡುವೆ ಆ ಒಂದು ಕುರ್ಚಿ, ಅದರ ಮೇಲೆ ಕೌದಿ. ಅಂಕಲ್ ಪ್ರಸಂಗ ಮಾಡಿದರು, ಇಲಿಯನ್ನು ಬಿಡಲಿಲ್ಲ, ಮಂದಿ ನಕ್ಕರು. ಕೊನೆಯ ಹಾಡು ಶುರುವಾಯಿತು, ಎಲ್ಲರೂ ಎದ್ದು ನಿಂತು ಕಣ್ಣು ಮುಚ್ಚಿದರು. ಅವಳು ಮೈಕಿನ ಪಕ್ಕ ನಿಂತು ಚೀಲದೊಳಗೆ ಕೈ ಹಾಕಿ ತಡಕಿದಳು. ಫೋನು. ಬಟ್ಟೆ. ಮೂಲೆ. ಇನ್ನೊಂದು ಮೂಲೆ. ಏನೂ ಇಲ್ಲ. ಮತ್ತೊಮ್ಮೆ ತಡಕಿದಳು. ಏನೂ ಇಲ್ಲ! ನಗು ಒತ್ತರಿಸಿ ಬಂತು. ನಾಲ್ಕನೆಯದು ಬರಲಿಲ್ಲ. ಹಳೆಯದನ್ನೇ ಹೇಳಿ ಮುಗಿಸಿದರಾಯಿತು, ಪಲಾವ್ ತಿಂದು ಕಾರು ಹತ್ತಿದರಾಯಿತು.

ಹಾಡು ಮುಗಿದು ಮಂದಿ ಕೂತರು. "ಈಗ ನಮ್ಮ ಮಗಳಂಥಾಕಿ ಸಂಧ್ಯಾರಾಣಿ ಸಾಕ್ಷಿ ಹೇಳ್ತಾಳ," ಎಂದು ಅಂಕಲ್ ಮೈಕು ಅವಳ ಕೈಗಿಟ್ಟರು. ಅವಳು ಪದ್ಧತಿಯಂತೆ ಕುರ್ಚಿಯತ್ತ ಕಣ್ಣು ಹೊರಳಿಸಿದಳು. ಕುರ್ಚಿಯಲ್ಲಿ ಮಾಧುರಿ ಕೂತಿದ್ದಳು.

ತಡವಾಗಿ ಬಂದವಳು, ಎಲ್ಲರೂ ಕಣ್ಣು ಮುಚ್ಚಿದ್ದಾಗ ಒಳಗೆ ಬಂದು, ಇಡೀ ಹಾಲಿನಲ್ಲಿ ಖಾಲಿ ಕಂಡ ಒಂದೇ ಜಾಗಕ್ಕೆ ಹೋಗಿ ಕೂತಿದ್ದಳು. ಅಷ್ಟೇ. ಪಾಪ, ಅವಳಿಗೇನು ಗೊತ್ತು? ತೆಳ್ಳಗಾಗಿದ್ದಳು. ಕೌದಿಯ ಅಂಚು ಅವಳ ತೊಡೆಯ ಎರಡೂ ಪಕ್ಕ ಇಳಿದಿತ್ತು. ಸಂಧ್ಯಾರಾಣಿಯನ್ನು ನೋಡಿ ಬೆರಳಾಡಿಸಿ ನಕ್ಕಳು. ಹಾಲಿನಲ್ಲಿ ಗುಸುಗುಸು ಎದ್ದಿತು. ಬಸಕ್ಕ ಆಂಟಿ ಬಗ್ಗಿಕೊಂಡೇ ಓಡಿ ಬಂದು ಅವಳ ಭುಜ ಮುಟ್ಟಿದರು.

"ಏಳವಾ, ಏಳು. ಇಲ್ಲಿ ಯಾರೂ ಕುಂದ್ರಬಾರ್ದು. ಇದು ಕರ್ತಂದು."

"ಅಯ್ಯೋ ಸಾರಿ ಆಂಟಿ, ಗೊತ್ತಾಗ್ಲಿಲ್ಲ," ಮಾಧುರಿ ಕೆಂಪಾಗಿ ಅರ್ಧ ಎದ್ದಳು.

"ಏಳಬ್ಯಾಡ." ಮೈಕಿನಲ್ಲಿ ಬಂದ ದನಿ ತನ್ನದೇ ಎಂದು ಸಂಧ್ಯಾರಾಣಿಗೆ ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. "ಕೂಡು ಮಾಧುರಿ. ಅಲ್ಲೇ ಕೂಡು. ಆಂಟಿ, ಇರ್ಲಿ ಬಿಡ್ರಿ."

ಮಾಡು ಒಮ್ಮೆ ಉಸಿರೆಳೆದು ಕೂತಿತು. ಕಣ್ಣೆತ್ತಿದರೆ ನೂರಿಪ್ಪತ್ತು ಮುಖಗಳಿವೆ, ಕಣ್ಣೆತ್ತಬಾರದು. ಅವಳು ಕುರ್ಚಿಯನ್ನೇ ನೋಡಿದಳು.

"ನಾ ಕಳ್ಳಿ ಇದ್ದೀನಿ."

"ಸ್ತೋತ್ರ," ಅಂದರು ಅಂಕಲ್.

"ಸಿಡ್ನಿಯೊಳಗ ನಾ ಹೇಳಿದ್ದು ಸುಳ್ಳು. ಅಂಗಡಿಯಿಂದ ನಾ ಏನೂ ಕದ್ದಿಲ್ಲ."

"ಸ್ತೋ..." ಅಂಕಲ್ ಅಲ್ಲಿಗೇ ನಿಂತರು.

"ನಾ ಕದ್ದದ್ದು ಈಕಿದು. ಮಾಧುರೀದು. ಆರು ದಿನ ಕುಂತು ಬರದಿದ್ಲು, ನಾ ಹೆಸರು ಬದಲ್ ಮಾಡಿ ನಂದಂತ ಕೊಟ್ಟೆ. ಕೇಳಿದಾಗ ಈಕಿ ಮ್ಯಾಲೆ ಹಾಕಿದೆ. ಕಂಪ್ಯೂಟರ್ ತಪ್ಪು ಮಾಡಿಲ್ಲ ಮಾಧುರಿ. ನಾ ಮಾಡೀನಿ."

ಮಾಧುರಿಯ ಮುಖದ ಮೇಲೆ ಆ ಮೊದಲಿನ ನಗು ಹಾಗೇ ಉಳಿದಿತ್ತು, ಜೋಕು ಮುಗಿಯಲಿ ಎಂದು ಕಾಯುತ್ತಿರುವಂತೆ. ಅದು ಹೋಗಲು ತುಂಬಾ ಹೊತ್ತು ಹಿಡಿಯಿತು. ಯಾವುದೋ ಮಗು "ಮಮ್, ವಾಟ್ ಡಿಡ್ ಶಿ ಡು?" ಎಂದು ಕೇಳಿತು, ಅಮ್ಮ ಬಾಯಿ ಮುಚ್ಚಿದಳು.

"ನೀನು ಅವತ್ತು ನೂಡಲ್ಸ್ ಮಾಡ್ಕೊಟ್ಟೆಯಲ್ಲೇ," ಅಂದಳು ಮಾಧುರಿ. ತೊದಲಲಿಲ್ಲ.

"ಹೂಂ."

ಅಂಕಲ್ ಮುಂದೆ ಬಂದು ಮೈಕಿಗೆ ಕೈ ಚಾಚಿದರು. "ಪ್ರಿಯರೇ, ಎಲ್ಲಾರೂ ಕಣ್ಣು ಮುಚ್ಚಿ, ಪ್ರಾರ್ಥನಾ ಮಾಡೂಣು..."

"ಸುಮ್ಕಿರ್ರಿ," ಬಸಕ್ಕ ಆಂಟಿ ಕುರ್ಚಿಯ ಪಕ್ಕದಿಂದ ಕದಲದೆ ಹೇಳಿದರು. "ಮುಚ್ಚಳ ಹಾಕಬ್ಯಾಡ್ರಿ."

ಅಂಕಲ್ ಕೈ ಹಿಂದೆಗೆದುಕೊಂಡರು.

"ಇವ್ರ ಮುಂದೆ ಹೇಳ್ದೆ," ಮಾಧುರಿ ಅಂದಳು. "ಇವ್ರು ಅಳ್ತಾರೆ, ನಿನ್ನ ತಬ್ಕೋತಾರೆ, ಆಮೇಲೆ ಊಟ ಮಾಡ್ತಾರೆ. ಯೂನಿವರ್ಸಿಟಿಯವ್ರ ಮುಂದೆ?"

"ಹೇಳ್ತೀನಿ."

"ಯಾವಾಗ?"

ಸಂಧ್ಯಾರಾಣಿ ಚೀಲದಿಂದ ಫೋನ್ ತೆಗೆದಳು. ನಿಂತಲ್ಲೇ, ಮೈಕನ್ನು ಕಂಕುಳಲ್ಲಿ ಇಟ್ಟುಕೊಂಡು, ಎರಡು ಹೆಬ್ಬೆರಳಿನಿಂದ ಬರೆಯತೊಡಗಿದಳು. ಇಷ್ಟು ನಿಧಾನವಾಗಿ ಅವಳು ಯಾವತ್ತೂ ಏನನ್ನೂ ಬರೆದಿರಲಿಲ್ಲ. ಐದು ಸಾಲು. ಅದರಲ್ಲಿ ಆದರೆ ಇಲ್ಲ, ಯಾಕೆಂದರೆ ಇಲ್ಲ. ಕಂಕುಳ ಮೈಕಿನಿಂದ ಅವಳ ಎದೆಬಡಿತ ಹಾಲಿನ ಸ್ಪೀಕರುಗಳಲ್ಲೆಲ್ಲ ಕೇಳುತ್ತಿತ್ತು, ದೊಡ್ಡದಾಗಿ, ಯಾರೋ ಬಾಗಿಲು ತಟ್ಟಿದ ಹಾಗೆ. ಯಾರೂ ಹೋಗಿ ಅದನ್ನು ಆರಿಸಲಿಲ್ಲ. ಬರೆದದ್ದನ್ನು ಮಾಧುರಿಯ ಮುಂದೆ ಹಿಡಿದಳು. ಮಾಧುರಿ ಓದಿದಳು. ಮತ್ತೆ ಓದಿದಳು. "ನನ್ನ ಸ್ಟೂಡೆಂಟ್ ನಂಬರ್ ತಪ್ಪು. ಕೊನೇಲಿ ಏಳು, ಒಂದಲ್ಲ," ಎಂದು ತಾನೇ ತಿದ್ದಿದಳು. ಮೊದಲಿಂದಲೂ ಅವಳು ಹಾಗೇ, ಎಲ್ಲ ಸರಿಯಾಗಿರಬೇಕು. ಫೋನನ್ನು ಹಿಂದಕ್ಕೆ ಕೊಟ್ಟಳು. ಸಂಧ್ಯಾರಾಣಿ ಒತ್ತಿದಳು. ಯೂನಿವರ್ಸಿಟಿಗೆ ಮೇಲ್ ಹೋಯಿತು.

ಮಾಧುರಿ ಎದ್ದು, ಸಾಲುಗಳ ನಡುವಿನಿಂದ, ಬಾಸ್ಕೆಟ್‌ಬಾಲಿನ ಗೆರೆಗಳನ್ನು ದಾಟಿ ಹೊರಗೆ ಹೋದಳು. ತಿರುಗಿ ನೋಡಲಿಲ್ಲ. ಊಟವನ್ನೂ ಮಾಡಲಿಲ್ಲ. ಬಾಗಿಲು ತೆರೆದಾಗ ಬಿಸಿಗಾಳಿ ಒಳನುಗ್ಗಿ ಹಾಡಿನ ಹಾಳೆಗಳನ್ನು ಹಾರಿಸಿತು.

ಪಲಾವ್ ತಿಂದರು, ಮೆಲ್ಲಗೆ, ತಟ್ಟೆ ನೋಡುತ್ತ. ಸಂಧ್ಯಾರಾಣಿಯ ಸುತ್ತ ಎರಡು ಮಾರು ಜಾಗ ಖಾಲಿ ಇತ್ತು. ಬಸಕ್ಕ ಆಂಟಿ ಮಾತ್ರ ಬಂದು, "ಹಾಲ್ ಬಿಡೂ ಹೊತ್ತಾತು. ಆ ಕುರ್ಚಿ ನೀನ ಎತ್ತವಾ," ಅಂದು ಹೋದರು. ಉಳಿದ ಕುರ್ಚಿಗಳನ್ನೆಲ್ಲ ಹುಡುಗರು ಪಟಪಟನೆ ಮಡಚಿ ಗೋಡೆಗೆ ಒಟ್ಟುತ್ತಿದ್ದರು. ಅವಳು ಅದರ ಮುಂದೆ ಹೋಗಿ ನಿಂತಳು. ಮಾಧುರಿ ಎದ್ದು ಹೋಗಿ ಒಂದು ಗಂಟೆಯಾಗಿತ್ತು. ಕೌದಿಯ ನಡುಭಾಗ ಇನ್ನೂ ತಗ್ಗಾಗಿಯೇ ಇತ್ತು. ಅವಳು ಮುಟ್ಟಿ ನೋಡಲಿಲ್ಲ, ನೋಡಬೇಕೆಂದೂ ಅನ್ನಿಸಲಿಲ್ಲ. ಬಗ್ಗಿ, ಎರಡೂ ಕೈಯಿಂದ ಕುರ್ಚಿಯನ್ನು ಹಿಡಿದು ಎತ್ತಿದಳು. ಪ್ಲಾಸ್ಟಿಕ್ ಕುರ್ಚಿ, ಒಂದೇ ಕೈಯಲ್ಲಿ ಮೇಲೇಳಬೇಕಾದದ್ದು. ಯಾರೋ ಕೂತಷ್ಟು ಭಾರವಿತ್ತು, ತೋಳಿನ ನರ ಬಿಗಿದವು. ಮಡಚಲಿಲ್ಲ. ವಾಲಿಸಲಿಲ್ಲ. ಕೂತವರಿಗೆ ಅಲುಗಾಟ ಆಗಬಾರದೆಂಬಂತೆ, ಒಂದೊಂದೇ ಹೆಜ್ಜೆ ಇಡುತ್ತ ಹಾಲಿನ ಉದ್ದಕ್ಕೂ ಹೊತ್ತುಕೊಂಡು ನಡೆದಳು. ಹುಡುಗರು ಕುರ್ಚಿ ಮಡಚುವುದನ್ನು ನಿಲ್ಲಿಸಿ, ಏನೆಂದು ಕೇಳದೆ, ದಾರಿ ಬಿಟ್ಟರು.